ಪಾಂಡುವಿನ ಅಭ್ಯಂಜನ

ಶನಿವಾರ ಸಂಜೆ ಜಂಗಮಕೋಟೆಯ ಮನೆಯ ಜಗುಲಿ ಹತ್ತಿದ ಮುರಳಿಮೋಹನ್, ಹೆಗಲ ಚೀಲವನ್ನೂ ಇಳಿಸದೆ ಘೋಷಿಸಿಬಿಟ್ಟ: "ನಾಳೆ ಸಾಯಂಕಾಲದೊಳಗೆ ಈ ಮನೇಲಿ ಒಂದು ಉಣ್ಣಿ ಉಳಿಯಲ್ಲ, ಒಂದು ಜಂತು ಉಳಿಯಲ್ಲ! ನಾಯಿಯಿಂದ ಮನುಷ್ಯರಿಗೆ ಏನೂ ದಾಟೋ ಹಂಗಿಲ್ಲ. ಈ ಹೋಬಳಿಗೇ ನಮ್ಮನೆ ಮಾದರಿ ಆಗ್ಬೇಕು!"

ಹೋಬಳಿಯ ಮಾತು ಹಾಗಿರಲಿ, ಮನೆಯವರೇ ಕೇಳಿಸಿಕೊಳ್ಳಲಿಲ್ಲ. ತಾಯಿ ವೆಂಕಟರತ್ನಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆರು ವರ್ಷದ ಮಗಳು ಹರಿತಾ ಅಪ್ಪನ ಚೀಲದಲ್ಲಿ ಕೈಯಾಡಿಸುತ್ತಿದ್ದಳು. ಹೆಂಡತಿ ಭಾನುಪ್ರಿಯಾ ಹಿತ್ತಲಿನ ರೇಷ್ಮೆ ಹುಳದ ಮನೆಯಲ್ಲಿದ್ದಳು. ಘೋಷಣೆಯನ್ನು ಪೂರ್ತಿಯಾಗಿ, ಬಾಲ ಅಲ್ಲಾಡಿಸುತ್ತ ಆಲಿಸಿದ್ದು ಪಾಂಡು ಒಂದೇ. ಅದು ಆ ಮನೆಯ ನಾಯಿ. ಸಕಲ ಉಣ್ಣಿಗಳ ಮೂಲಸ್ಥಾನ.

ಮುರಳಿಮೋಹನ್ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಸೂಪರ್‌ವೈಸರ್. ಗೌರಿಬಿದನೂರಿನಲ್ಲಿ ಕೋಣೆ ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ವಾರವಿಡೀ ಹೆಲ್ಮೆಟ್ ಹಾಕ್ರಯ್ಯಾ, ಗ್ಲೌಸ್ ಹಾಕ್ರಯ್ಯಾ ಎಂದು ಕೂಗಿ ಪಳಗಿದ ನಾಲಿಗೆ ಭಾನುವಾರ ಮಾತ್ರ ರಜೆ ತೆಗೆದುಕೊಳ್ಳುತ್ತದೆಯೇ? ಈ ವಾರವಂತೂ ಅದಕ್ಕೆ ತಕ್ಕ ಕಾರಣವೂ ಸಿಕ್ಕಿತ್ತು. ಹರಿತಾಳ ಕಿವಿಯ ಹಿಂದೆ ಉಣ್ಣಿಯೊಂದು ಕಚ್ಚಿಕೊಂಡು ಕಡಲೆಕಾಳಿನಷ್ಟು ಊದಿತ್ತು. ಭಾನುಪ್ರಿಯಾ ಅದನ್ನು ಕಿತ್ತು ತೆಗೆದು, ಫೋನಿನಲ್ಲಿ ಹೇಳಿದ್ದಳು. ಅಂದಿನಿಂದ ಅವನು ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ನಾಯಿಯ ಹೊಟ್ಟೆಯ ಜಂತಿನ ಮೊಟ್ಟೆ ಮಣ್ಣಿಗೆ, ಮಣ್ಣಿನಿಂದ ಮಕ್ಕಳ ಉಗುರಿಗೆ, ಉಗುರಿನಿಂದ ಬಾಯಿಗೆ, ಅಲ್ಲಿಂದ ಕಣ್ಣಿನವರೆಗೂ! ಓದುತ್ತ ಓದುತ್ತ ಅವನಿಗೇ ಮೈಯೆಲ್ಲ ತುರಿಸತೊಡಗಿತ್ತು.

ಊರಿಗೆ ಬರುವ ದಾರಿಯಲ್ಲಿ ಪಶುವೈದ್ಯರನ್ನೂ ಕಂಡು ಬಂದಿದ್ದ. ಡಾಕ್ಟರು ಹೇಳಿದ್ದು ಸಾದಾ ಸಂಗತಿ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ಹಾಕಬೇಕು, ಅದರ ಹೇಲನ್ನು ದಿನಾ ಎತ್ತಿ ಹೂಳಬೇಕು, ಮಗು ಉಣ್ಣುವ ಮುಂಚೆ ಸೋಪಿನಿಂದ ಕೈ ತೊಳೆಯಬೇಕು, ನಾಯಿಯನ್ನು ಹಾಸಿಗೆಗೆ ಹತ್ತಿಸಬಾರದು. ಉಣ್ಣಿ ಜಾಸ್ತಿಯಿದ್ದರೆ ನೀರಿಗೆ ಬೆರೆಸಿ ಮೈಗೆ ಹಚ್ಚುವ ಔಷಧಿಯಿದೆ. ಹೇಲು ಎತ್ತುವುದು, ಕೈ ತೊಳೆಸುವುದು, ಹಾಸಿಗೆಯಿಂದ ನಾಯಿಯನ್ನು ಅಟ್ಟುವುದು ಇವನ್ನೆಲ್ಲ ಭಾನುಪ್ರಿಯಾ ಯಾವ ಕಾಲದಿಂದಲೋ ಮಾಡುತ್ತಿದ್ದಳು. ಅವುಗಳಲ್ಲಿ ಪರಾಕ್ರಮಕ್ಕೆ ಎಡೆಯೂ ಇರಲಿಲ್ಲ. ಮುರಳಿಮೋಹನನ ಪಾಲಿಗೆ ಉಳಿದದ್ದು ಔಷಧಿಯ ಸೀಸೆ.

ಸೀಸೆ ನೋಡಿದ್ದೇ ಭಾನುಪ್ರಿಯಾಳ ಮುಖ ಬದಲಾಯಿತು.

"ಇದನ್ನ ಈಗ ತೆಗೀಬೇಡಿ ರೀ. ಹುಳ ನಾಲ್ಕನೇ ಜ್ವರ ಎದ್ದು ಮೇಯ್ತಾ ಇದಾವೆ. ಇನ್ನೇನು ಹಣ್ಣಾಗ್ತವೆ. ಅವು ಗೂಡು ಕಟ್ಟಿದ ಮೇಲೆ ನಿಮ್ಮ ಪಾಂಡುನ ಔಷಧಿ ತೊಟ್ಟೀಲೇ ಮುಳುಗ್ಸಿ, ಯಾರು ಬೇಡ ಅಂದ್ರು?"

ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಆ ಕಡೆ ಜ್ವರವೆನ್ನುತ್ತಾರೆ; ನಾಲ್ಕನೆಯದೇ ಕೊನೆಯದು, ಆಮೇಲೆ ಒಂದು ವಾರ ಮೇಯ್ದು ಹಣ್ಣಾದರೆ ಗೂಡು. ರೇಷ್ಮೆ ಹುಳಕ್ಕೆ ಕೀಟನಾಶಕದ ಗಾಳಿ ಸೋಕಿದರೂ ಕೆಟ್ಟಿತು. ಹೊಗೆಸೊಪ್ಪು ಹಾಕಿದವರನ್ನೂ ಆ ಬಾಗಿಲೊಳಕ್ಕೆ ಬಿಡುವುದಿಲ್ಲ. ಅದೂ ಅಲ್ಲದೆ, ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಪೂರ್ತಿ ಅವಳೊಬ್ಬಳ ಕೈಯಲ್ಲಿ ಬೆಳೆದ ಮೊದಲ ಬೆಳೆ ಇದು. "ಈ ಬೆಳೆ ಗೆದ್ದು ತೋರ್ಸು, ಹುಳದ ಮನೆ ನಿಂದು. ಇಲ್ಲಾಂದ್ರೆ ಕೋಳಿ ಸಾಕೋರಿಗೆ ಬಾಡಿಗೆ ಕೊಟ್ಬಿಡೋದೇ" ಎಂದಿದ್ದರು ವೆಂಕಟರತ್ನಮ್ಮ. ಹುಳ ಬಂದಂದಿನಿಂದ ಅವಳು ತವರಿನ ಮದುವೆಗೂ ಹೋಗಿರಲಿಲ್ಲ.

"ನಾನೂ ರೇಷ್ಮೆ ಮನೇಲೇ ಹುಟ್ಟಿದೋನು ಕಣೇ! ಇಡೀ ಫ್ಯಾಕ್ಟರಿ ಸೇಫ್ಟಿ ನೋಡೋನಿಗೇ ಸೇಫ್ಟಿ ಹೇಳಿಕೊಡ್ತೀಯಾ?"

"ಫ್ಯಾಕ್ಟರೀಲಿ ಹುಳ ಇಲ್ಲ."

"ಮಗಳ ಕಿವೀಲಿ ಉಣ್ಣಿ ಇತ್ತಲ್ಲೇ!"

"ಕಿತ್ತು ಹಾಕಿದ್ದೂ ನಾನೇ. ಒಂದು ವಾರ ತಡೀರಿ ಅಂದ್ರೆ, ಸೋಮವಾರ ನೀವಿರಲ್ಲ, ಅದಕ್ಕೆ ಅವಸರ. ಅಷ್ಟೇ ತಾನೆ?"

ಅಷ್ಟೇ ಆಗಿತ್ತು. ಆದರೆ ನಿಜವನ್ನು ಹೆಂಡತಿ ಹೇಳಿದ ಮೇಲೆ ಒಪ್ಪಿಕೊಳ್ಳುವ ಗಂಡು ಆ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಭಾನುವಾರ ಬೆಳಗ್ಗೆ ಮಾತ್ರೆಗಳಿಂದ ಯುದ್ಧ ಶುರುವಾಯಿತು. ರಾಗಿಮುದ್ದೆಯ ತುಣುಕಿನಲ್ಲಿ ಮಾತ್ರೆ ಹುದುಗಿಸಿ ಪಾಂಡುವಿಗೆ ಕೊಟ್ಟ. ಪಾಂಡು ಮುದ್ದೆಯನ್ನು ನುಂಗಿ, ಮಾತ್ರೆಯನ್ನು ತೊಳೆದಿಟ್ಟಷ್ಟು ಚೊಕ್ಕಟವಾಗಿ ನೆಲದ ಮೇಲಿಟ್ಟಿತು. ಮೂರನೆಯ ಮುದ್ದೆಗೆ ಮಾತ್ರೆ ಒಳಗೆ ಹೋಯಿತು, ಇವನ ಹೆಬ್ಬೆರಳಿಗೆ ಹಲ್ಲಿನ ಗುರುತೂ ಬಿತ್ತು. ಆಮೇಲೆ ಮನೆಯವರ ಸರದಿ.

"ನಂಗೂ ನಾಯಿಗೂ ಒಂದೇ ಮಾತ್ರೇನೇನೋ?" ಎಂದರು ವೆಂಕಟರತ್ನಮ್ಮ.

"ಬೇರೆ ಬೇರೆ ಕಣಮ್ಮ. ನಿಂದು ಬಿಳೀದು."

"ಅದು ನೆಲದ ಮೇಲೆ ಉಗುಳ್ತಲ್ಲ, ಅದೂ ಬಿಳೀದೇ. ಯಾವುದು ಯಾರದೂಂತ ಗ್ಯಾನ ಐತಾ ನಿಂಗೆ?"

ಅರೆಗಳಿಗೆ ಅವನಿಗೂ ಅನುಮಾನ ಬಂತು. ಆದರೂ ಸೇನಾಪತಿ ಹಿಂದೆ ನೋಡಬಾರದು.

ಮುಂದಿನದು ಅಭ್ಯಂಜನ. ಇಲ್ಲಿ ಅವನ ಬಗ್ಗೆ ಒಂದು ಮಾತು ಹೇಳಲೇಬೇಕು: ಅವನು ಬೇಜವಾಬ್ದಾರಿಯಿಂದ ನಡೆದುಕೊಳ್ಳಲಿಲ್ಲ. ಗಾಳಿ ಎತ್ತ ಬೀಸುತ್ತದೆಂದು ಒಂದು ಚಿಟಿಕೆ ಬೂದಿ ತೂರಿ ನೋಡಿದ. ಹುಳದ ಮನೆಯಿಂದ ದೂರ, ತೋಟದ ತುದಿಯ ಹುಣಸೆಮರದ ಕೆಳಗೆ ಪಾಂಡುವನ್ನು ಕಟ್ಟಿದ. ಗ್ಲೌಸ್ ಹಾಕಿದ, ಮಾಸ್ಕ್ ಹಾಕಿದ, ಕಾರ್ಖಾನೆಯ ಹಳೇ ಕನ್ನಡಕವನ್ನೂ ಏರಿಸಿದ. ಔಷಧಿಯನ್ನು ಅಳೆದು ಬಕೆಟ್ಟಿಗೆ ಬೆರೆಸಿ, ಕಿವಿಯಿಂದ ಬಾಲದವರೆಗೆ ತಿಕ್ಕಿದ. ಪಾಂಡು ಊರಿಗೆಲ್ಲ ಕೇಳುವಂತೆ ಊಳಿಟ್ಟಿತು. ಕೊನೆಗೆ ಬೇಲಿಯ ಮೇಲಿದ್ದ ಗೋಣಿತಾಟಿನಿಂದ ಅದರ ಮೈಯನ್ನು ಚೆನ್ನಾಗಿ ಒರೆಸಿ, ತಾಟನ್ನು ಮತ್ತೆ ಬೇಲಿಯ ಮೇಲೆಯೇ ಹರವಿದ. ಬಕೆಟ್, ಗ್ಲೌಸ್, ಮಾಸ್ಕು ಗುಂಡಿಗೆ ಹೋದವು. ಎರಡೆರಡು ಸಲ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹೆಂಡತಿಯ ಮುಂದೆ ಬಂದು ನಿಂತ.

"ನೋಡು. ಇದಕ್ಕೆ ಪ್ರೊಸೀಜರ್ ಅಂತಾರೆ."

ಭಾನುಪ್ರಿಯಾ ಅವನನ್ನು ಹುಳದ ಮನೆಯ ಹತ್ತಿರಕ್ಕೂ ಬಿಡಲಿಲ್ಲ.

ಮಧ್ಯಾಹ್ನ ಬಿಸಿಲು ಏರಿತು. ಬೆಳಗ್ಗೆ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪಿನ ರಾಶಿ ಬಾಡದಿರಲೆಂದು ಒದ್ದೆ ಗೋಣಿತಾಟು ಹೊದಿಸಿಡುವುದು ಅಲ್ಲಿಯ ಪ್ರತಿ ಮನೆಯ ಪದ್ಧತಿ. ಇದ್ದ ತಾಟು ಸಾಲದೆ, ಭಾನುಪ್ರಿಯಾ ಬೇಲಿಯ ಮೇಲೆ ಒಣಗಿ ಗರಿಗರಿಯಾಗಿದ್ದ ಇನ್ನೊಂದನ್ನು ಎಳೆದುಕೊಂಡಳು; ನೀರಿನಲ್ಲಿ ಅದ್ದಿದಳು; ಸೊಪ್ಪಿಗೆ ಹೊದಿಸಿದಳು. ಸಂಜೆ ನಾಲ್ಕರ ಹೊತ್ತಿಗೆ ಆ ಸೊಪ್ಪನ್ನೇ ಹುಳಗಳಿಗೆ ಹಾಕಿದಳು.

ಆ ವಯಸ್ಸಿನ ಹುಳ ಮೇಯುವ ಸದ್ದು ಬಾಗಿಲ ಹೊರಗೂ ಕೇಳಿಸುತ್ತದೆ. ಐದೂವರೆಗೆ ಆ ಸದ್ದು ನಿಂತಿತ್ತು.

ಭಾನುಪ್ರಿಯಾಳ ಕೂಗಿಗೆ ಮುರಳಿಮೋಹನ್ ಓಡಿ ಬಂದು ಬಾಗಿಲಲ್ಲೇ ನಿಂತ. ಸ್ಟ್ಯಾಂಡಿನ ಮೇಲೆ ಸಾವಿರಾರು ಹುಳಗಳು ತಲೆ ಎತ್ತಿ ಅತ್ತಿಂದಿತ್ತ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರಿಕೊಂಡು ನುಲಿದುಕೊಂಡಿದ್ದವು, ಕೆಲವು ಆಗಲೇ ಕೆಳಗೆ ಬಿದ್ದಿದ್ದವು. ಬೆರಳು ಗಾತ್ರ ಬೆಳೆದ ಹುಳ.

"ವಿಷ!" ಎಂದ ಮುರಳಿಮೋಹನ್. ಆ ಒಂದು ಮಾತು ಸರಿಯಾಗಿತ್ತು. ಮುಂದಿನದೆಲ್ಲ ತಪ್ಪು. "ಮಧುಸೂದನನ ಕೆಲಸ ಇದು! ಟೊಮೇಟೊಗೆ ಔಷಧಿ ಹೊಡೆದವ್ನೆ, ನಮ್ಮ ಸೊಪ್ಪಿಗೆ ಬಂದು ಕೂತೈತೆ. ಇವತ್ತು ಬಿಡಲ್ಲ!"

ಬಿಡಲೂ ಇಲ್ಲ. ಪಕ್ಕದಲ್ಲೇ ಇದ್ದ ಮಧುಸೂದನನ ಹೊಲದ ಬದುವಿನ ಮೇಲೆ ನಿಂತು, ದಾರಿಯಲ್ಲಿ ಹೋಗುವವರೆಲ್ಲ ಬೈಕು ನಿಲ್ಲಿಸುವಂತೆ ಕೂಗಾಡಿದ. ಹುಳ ಸಾಕುವ ಮನೆಯ ಹೆಂಗಸಿನ ಹೊಟ್ಟೆ ಉರಿಸಿದವನು ಉದ್ಧಾರವಾಗುವುದಿಲ್ಲ ಎಂದ. ಬುದ್ಧಿಯಿರುವ ಮನುಷ್ಯನಾದರೆ ಅಕ್ಕಪಕ್ಕ ನೋಡಿ ಔಷಧಿ ಮುಟ್ಟುತ್ತಾನೆ ಎಂದ. ಪೊಲೀಸು, ಪಂಚಾಯ್ತಿ, ಪರಿಹಾರ, ಯಾವುದನ್ನೂ ಬಿಡಲಿಲ್ಲ.

ಮಧುಸೂದನ್ ಪೂರ್ತಿ ಕೇಳಿಸಿಕೊಂಡ. "ಅಣ್ಣಾ, ನಾನು ಔಷಧಿ ಹೊಡೆದು ತಿಂಗಳಾಯ್ತು. ಬಾ, ನೋಡಣ" ಎಂದು ತಾನೇ ಮುಂದೆ ನಡೆದ. ಹಿಂದೆ ಐದಾರು ಜನ.

ಸೊಪ್ಪಿನ ಕೋಣೆಯಲ್ಲಿ ಮಧುಸೂದನ್ ಬಗ್ಗಿ ಮೂಸಿದ. "ಇದು ತೋಟದ ಔಷಧಿ ವಾಸನೆ ಅಲ್ಲ." ತಾಟನ್ನು ಎತ್ತಿ ಬೆಳಕಿಗೆ ಹಿಡಿದ. ಸಣಬಿನ ಎಳೆಗಳ ನಡುವೆ ಕಂದು ಕೂದಲು, ಹಿಡಿ ಹಿಡಿ. ಎಲ್ಲರೂ ಆ ಕೂದಲು ಎಲ್ಲಿಯದೆಂದು ಯೋಚಿಸುತ್ತಿರುವಾಗ, ಇಷ್ಟು ಜನ ತನ್ನನ್ನೇ ನೋಡಲು ಬಂದಿದ್ದಾರೆಂದು ತಿಳಿದ ಪಾಂಡು ಮಿರಮಿರ ಮಿಂಚುತ್ತ ಬಂದು ಮಧುಸೂದನನ ಕಾಲಿಗೆ ಮೈಯುಜ್ಜಿತು. ಅದೇ ವಾಸನೆ ಗಮ್ಮೆಂದಿತು.

"ಅಪ್ಪ ಅದ್ರಲ್ಲೇ ಪಾಂಡುನ ಒರೆಸಿದ್ದು!" ಎಂದಳು ಹರಿತಾ, ಗೊತ್ತಿದ್ದ ಉತ್ತರ ಹೇಳುವ ಖುಷಿಯಲ್ಲಿ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಏಮಿರಾ ಇದಿ ಮುರಳಿ..." ಎಂದಷ್ಟೇ ಅಂದರು ವೆಂಕಟರತ್ನಮ್ಮ. ಸಿಟ್ಟು ನೆತ್ತಿಗೇರಿದಾಗ 'ಏನೋ ಇದು' ಅನ್ನಲೂ ಅವರಿಗೆ ತವರಿನ ತೆಲುಗೇ ಬರುತ್ತಿತ್ತು.

"ತಪ್ಪಾಯ್ತಪ್ಪ" ಎಂದ ಮುರಳಿಮೋಹನ್ ಮಧುಸೂದನನಿಗೆ.

"ನಂಗ್ಯಾಕಣ್ಣ ಹೇಳ್ತೀಯಾ?" ಎಂದು ಅವನು ಭಾನುಪ್ರಿಯಾಳ ಕಡೆ ನೋಡಿದ.

ಅವಳು ಗುದ್ದಲಿ ತರಲು ಹೋಗಿದ್ದಳು. ಗುಂಡಿ ತೋಡಿದ್ದು ಮುರಳಿಮೋಹನ್. ಬುಟ್ಟಿ ಬುಟ್ಟಿ ಹುಳ ಸುರಿದು, ಮೇಲೆ ಸುಣ್ಣ ಚೆಲ್ಲಿದ್ದು ಅವಳು. ಬೈಯುತ್ತಾಳೆಂದು ಅವನು ಪ್ರತಿ ಬುಟ್ಟಿಗೂ ಕಾದ. ಅವಳು ಕೊನೆಗೆ ಅತ್ತೆಯ ಮುಂದೆ ಕುಕ್ಕರಿಸಿ, "ಕೋಳಿಯೋರಿಗೆ ಹೇಳಿಕಳಿಸ್ಲಾ ಅತ್ತೆ?" ಎಂದಳು.

"ಯಾಕಮ್ಮ? ಸೋತಿದ್ದು ನೀನಲ್ಲ" ಎಂದು ವೆಂಕಟರತ್ನಮ್ಮ ಹುಳದ ಮನೆಯ ಬೀಗದ ಕೈಯನ್ನು ಸೊಸೆಯ ಮಡಿಲಿಗೆ ಹಾಕಿದರು. "ತೊಳ್ದು ಮತ್ತೆ ಹುಳ ತರ್ಸು."

ಸ್ಟ್ಯಾಂಡುಗಳನ್ನು ತೊಳೆದು, ಗೋಡೆಗೆ ಸುಣ್ಣ ಬಳಿದು, ಹೊಸ ಹುಳ ತಂದ ವಾರ ಭಾನುಪ್ರಿಯಾಳೇ ಗಂಡನಿಗೆ ಫೋನು ಮಾಡಿದಳು. ಅಂದಿನಿಂದ ಅವಳಾಗಿ ಮಾಡಿದ ಮೊದಲ ಫೋನು ಅದು.

"ಬರ್ತಾ ಒಂದು ಬೋರ್ಡು ಬರೆಸ್ಕೊಂಡು ಬನ್ನಿ. 'ಹೊರಗಿನವರು ಒಳಗೆ ಬರಬಾರದು' ಅಂತ."

ಮುರಳಿಮೋಹನನ ಎದೆ ಹಗುರಾಯಿತು. ಕಾರ್ಖಾನೆಯ ಪೇಂಟರನಿಂದ ಕೆಂಪಕ್ಷರದಲ್ಲಿ ಬರೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ತಾನೇ ಮೊಳೆ ಹೊಡೆದು ಹುಳದ ಮನೆಯ ಬಾಗಿಲಿಗೆ ನೇತುಹಾಕಿದ. ಕೈಕಾಲು ತೊಳೆದು, ಚಪ್ಪಲಿ ಬಿಟ್ಟು, ಹೊಸ ಹುಳ ನೋಡೋಣವೆಂದು ಹೊಸಿಲಿಗೆ ಕಾಲಿಟ್ಟ.

ಭಾನುಪ್ರಿಯಾಳ ಕೈ ಅಡ್ಡ ಬಂತು.

"ಎಲ್ಲಿಗ್ರೀ?"

"ಹುಳ ನೋಡಣ ಅಂತ."

"ಬೋರ್ಡು ಓದ್ಲಿಲ್ವಾ?"

"ಅದು ಹೊರಗಿನೋರಿಗಲ್ವೇನೇ? ನಾನು ಹೊರಗಿನೋನಾ?"

"ಛೇ, ನೀವ್ಯಾಕೆ ಹೊರಗಿನೋರು?" ಎಂದಳು ಅವಳು ಸಮಾಧಾನದಿಂದಲೇ. "ಹೊರಗಿನೋರು ಒಂದ್ಸಲ ಹೇಳಿದ್ರೆ ಕೇಳ್ತಾರೆ. ನಿಮಗೆ ಬೇರೆ ಬೋರ್ಡು ಬೇಕು. ಮುಂದಿನ ವಾರ ಬರೆಸ್ಕೊಂಡು ಬನ್ನಿ."

ಜಗುಲಿಯಿಂದ ವೆಂಕಟರತ್ನಮ್ಮನ ದನಿ ಬಂತು: "ಅಕ್ಷರ ದೊಡ್ಡದಾಗಿರ್ಲಿ ಕಣೋ. ನಂಗೂ ಕಾಣ್ಬೇಕು."