ಬೆಸುಗೆಗೆ ಕುಲಾವಿ

ದೊಡ್ಡದನ್ನು ಅಳೆಯುವವರ ಬದುಕು ಶಾಂತವಾಗಿರುತ್ತದೆ ಎಂದು ನನ್ನ ನಂಬಿಕೆ. ಹೊಲ ಅಳೆಯುವವರು ಸರಪಳಿ ಎಳೆದು, ಕಲ್ಲು ನೆಟ್ಟು, ಚಹಾ ಕುಡಿದು ಮನೆಗೆ ಹೋಗುತ್ತಾರೆ. ನಾನು ಅಳೆಯುತ್ತಿದ್ದುದು ಒಂದು ವೋಲ್ಟನ್ನು ಹತ್ತು ಲಕ್ಷ ಚೂರು ಮಾಡಿದರೆ ಸಿಗುವ ಒಂದೆರಡು ಚೂರನ್ನು. ಆ ಚೂರಿನ ಬೆನ್ನು ಹತ್ತಿದ ದಿನದಿಂದ ನನಗೆ ವಾರಕ್ಕೊಂದು ಫಜೀತಿ ತಪ್ಪಿದ್ದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಪಾರಿಶ್ವಾಡದವಳು. ಡಿಪ್ಲೊಮಾ ಮುಗಿಸಿ, ಶಿವಬಸವ ನಗರದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬೆಳಗಾವಿಯ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ಉಷ್ಣತೆ ತೋರಿಸುವ ಸೂಕ್ಷ್ಮ ಮೀಟರುಗಳು ತಯಾರಾಗುತ್ತಿದ್ದವು. ಎರಡು ಬೇರೆ ಬೇರೆ ಲೋಹ ಕೂಡಿಸಿ, ಒಂದು ಕೂಡುವಿಕೆಯನ್ನು ತಂಪಾಗಿ ಇನ್ನೊಂದನ್ನು ಬೆಚ್ಚಗೆ ಇಟ್ಟರೆ, ಯಾರೂ ಕೇಳದಿದ್ದರೂ ಅಲ್ಲಿ ಒಂದಿಷ್ಟು ವೋಲ್ಟೇಜು ಹುಟ್ಟುತ್ತದೆ. ತಾಮ್ರದ ತಂತಿಗೆ ಬೆಸುಗೆ ಹಾಕಿದಲ್ಲೂ ಇದೇ ಕಥೆ. ರೇಡಿಯೋಗೆ ಅದರಿಂದ ಏನೂ ಆಗದು. ನಮ್ಮ ಮೀಟರು ಮಾತ್ರ ಸುಳ್ಳು ಹೇಳತೊಡಗುತ್ತಿತ್ತು. ಯಾವ ಬೆಸುಗೆಯಲ್ಲಿ ಈ ತುಂಟತನ ಎಲ್ಲಕ್ಕಿಂತ ಕಡಿಮೆ ಎಂದು ಹುಡುಕುವುದು ನನ್ನ ಕೆಲಸ. ಜೊತೆಗೆ ಬೆಸುಗೆ ಹಾಕುವ ಕಾಕಾ ಇದ್ದರು. ಖಾನಾಪುರದ ಕಡೆಯವರು. ಕೈ ಬಂಗಾರ, ಬಾಯಿಗೆ ಮಾತ್ರ ಬಾಗಿಲಿರಲಿಲ್ಲ.

ಓಣಿಯ ಕರೆಂಟು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಜು ಮನೆಯ ಲೈನ್‌ಮನ್ ಮಾಮಾ ಕಟ್ಟೆಯ ಮೇಲೆ ಕೂತು ವಿಚಾರಿಸಿದರು.

“ಏನ್ ಕೆಲಸವಾ ತಂಗಿ?”

“ಕರೆಂಟ್ ಅಳಿಯೂದ್ರಿ ಮಾಮಾ.”

ಮಾಮಾಗೆ ಖುಷಿಯೋ ಖುಷಿ. “ಹಂಗಾರ ನಮ್ಮ ಲೈನಿಗೇ ಬಂದಿ ಅನ್ನು! ನಾವು ಹನ್ನೊಂದ ಸಾವಿರ ವೋಲ್ಟಿನ ತಂತಿ ಬುಡಕ ಓಡ್ಯಾಡೋ ಮಂದಿ. ನಿಂದೆಷ್ಟು?”

“ಎರಡ್ರಿ.”

“ಎರಡ ಸಾವಿರ?”

“ಅಲ್ರಿ.”

“ಇನ್ನೂರ?”

“ಅಲ್ರಿ ಮಾಮಾ.”

“ಬರೇ ಎರಡ ವೋಲ್ಟ್? ಬ್ಯಾಟರಿ ಸೆಲ್ಲಿನಷ್ಟು?”

ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಎರಡು ಪಾಲು ಎಂದು ಬಿಡಿಸಿ ಹೇಳಿದೆ. ಮಾಮಾ ಬೆರಳು ಮಡಚಿ ಸೊನ್ನೆ ಎಣಿಸಿದರು. ಆಮೇಲೆ ತಲೆಯ ಮೇಲೆ ಕೆಂಪು ದಾರದ ಹಾಗೆ ಮಿಣುಕುತ್ತಿದ್ದ ಬಲ್ಬನ್ನು ನೋಡಿ ತೊಡೆ ತಟ್ಟಿಕೊಂಡರು.

“ಅಂತೂ ಸಿಕ್ಕಿತ ನೋಡು! ಸಂಜೀಮುಂದ ಓಣಿಗೆ ಬರೋ ಕರೆಂಟ್ ಯಾರ ಕಳಸ್ತಾರ ಅಂತ ಮಂದಿ ನನ್ನ ಹಿಡಿದ ಕೇಳತಿದ್ರು. ನಾಳಿಂದ ಎಲ್ಲಾರ್ನೂ ನಿನ್ನ ಕಡೆ ಕಳಸ್ತೀನಿ!”

ಹತ್ತು ಗಂಟೆಯ ರೋಗ

ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಮೀಟರಿನ ಅಂಕಿ ಹುಚ್ಚೆದ್ದು ಕುಣಿಯುತ್ತಿತ್ತು. ಕಾಲು ಗಂಟೆ ಕುಣಿದು ತಾನೇ ಮಲಗುತ್ತಿತ್ತು. ನಾನೂ ಕಾಕಾನೂ ತಂತಿ ಬದಲಿಸಿದೆವು. ಕಿಟಕಿ ಮುಚ್ಚಿದೆವು. ಫ್ಯಾನ್ ನಿಲ್ಲಿಸಿ ಏಪ್ರಿಲ್ ತಿಂಗಳಲ್ಲಿ ಇಡ್ಲಿಯ ಹಾಗೆ ಬೆಂದೆವು. ಅಂಕಿ ಕುಣಿಯುವುದು ಬಿಡಲಿಲ್ಲ.

ಒಂದು ವಾರ ಮಾಲಕರು ಮದುವೆಗೆಂದು ಊರಿಗೆ ಹೋದರು. ಆ ವಾರ ಅಂಕಿ ಕೆರೆಯ ನೀರಿನ ಹಾಗೆ ನಿಂತುಬಿಟ್ಟಿತು. ಆಗ ನಮಗೆ ಹೊಳೆಯಿತು. ನಮ್ಮ ಮಾಲಕರು ದೊಡ್ಡ ಆಳು, ಅದಕ್ಕಿಂತ ದೊಡ್ಡ ಉತ್ಸಾಹ. ದಿನಾ ಹತ್ತಕ್ಕೆ ಬಂದವರೇ ಬೆಸುಗೆ ಇಟ್ಟ ಡಬ್ಬಿಯ ಮೇಲೆ ಬಗ್ಗಿ, ಅದಕ್ಕೂ ಮೂಗಿಗೂ ಗೇಣು ಅಂತರ ಇಟ್ಟು, “ಎಷ್ಟಾತು? ಈಗೆಷ್ಟಾತು?” ಎಂದು ಕೇಳುತ್ತಿದ್ದರು. ಆ ಬಿಸಿಯುಸಿರೆಲ್ಲ ನೇರ ಬೆಸುಗೆಗೆ.

ಇದನ್ನು ಅವರಿಗೆ ಹೇಳುವವರು ಯಾರು? ನಾನು ಹೊಸಬಳು. ಕಾಕಾನನ್ನು ಮುಂದೆ ತಳ್ಳಿದೆ. ಮೃದುವಾಗಿ ಹೇಳ್ರಿ ಎಂದು ನೂರು ಸಲ ಹೇಳಿದ್ದೆ.

ಕಾಕಾ ಗಂಟಲು ಸರಿಮಾಡಿಕೊಂಡರು. “ಸಾಹೇಬ್ರ, ರೋಗ ಸಿಕ್ಕೈತ್ರಿ.”

“ಸಿಕ್ತಾ? ಏನ್ ಮಾಡಬೇಕು ಹೇಳು, ಇವತ್ತ ಮಾಡೂಣು.”

“ಖರ್ಚೇನಿಲ್ರಿ. ನೀವು ಉಸರಾಡೂದು ಬಂದ್ ಮಾಡಿದ್ರ ಎಲ್ಲಾ ಸುರಳೀತ ಆಕ್ಕೈತ್ರಿ.”

ನಾನು ನೆಲ ನೋಡುತ್ತ ನಿಂತೆ. ನೆಲ ಬಾಯಿ ಬಿಡಲಿಲ್ಲ. ಮಾಲಕರು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ದೂರದಿಂದ ಅಂಕಿ ಕೇಳತೊಡಗಿದರು. ಅದನ್ನು ನೋಡಿದ ಅಂಚೆಯವ ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಅಕ್ಕಾರ, ಒಳಗ ಇಲಿ ಸತ್ತೈತೇನ್ರಿ?”

ಎಷ್ಟನೇ ತಿಂಗಳು?

ಉಸಿರು ನಿಂತರೂ ಗಾಳಿ ನಿಲ್ಲಬೇಕಲ್ಲ. ಪ್ರತಿ ಬೆಸುಗೆಗೂ ಉಣ್ಣೆಯ ಹೊದಿಕೆ ಹಾಕುವುದೆಂದು ತೀರ್ಮಾನವಾಯಿತು. ಹೆಣಿಗೆ ಬರುವುದು ನನಗೊಬ್ಬಳಿಗೇ. ಹಾಗಾಗಿ ಕಾಕಾನ ಜೊತೆ ಖಾನಾಪುರಕ್ಕೆ ಒಂದು ರಿಪೇರಿಗೆ ಹೊರಟ ದಿನ ಬಸ್ಸಿನಲ್ಲೇ ಕಡ್ಡಿ, ಹಳದಿ ದಾರ ತೆಗೆದು ಕೂತೆ. ಬೆರಳುದ್ದದ ಟೊಪ್ಪಿಗೆಗಳು. ನೋಡಿದರೆ ಥೇಟ್ ಕೂಸಿನ ಕುಲಾವಿ.

ಪಕ್ಕದಲ್ಲಿ ಕೂತ ಹಿರಿಯ ಹೆಂಗಸೊಬ್ಬರು ಪ್ರೀತಿಯಿಂದ ನನ್ನ ಬೆನ್ನು ಸವರಿದರು. “ಎಷ್ಟನೇ ತಿಂಗಳಾ ಯವ್ವಾ?”

“ಅಯ್ಯ, ನನ್ನ ಮದುವಿನ ಆಗಿಲ್ರಿ!”

ಬೆನ್ನ ಮೇಲಿನ ಕೈ ಚುರುಕ್ಕನೆ ಹಿಂದೆ ಹೋಯಿತು. ಅವರು ಸೀಟಿನ ತುದಿಗೆ ಸರಿದರು. ನಾನು ಗಡಬಡಿಸಿ, “ಇದು ಕೂಸಿಗಲ್ರಿ, ಬೆಸುಗಿಗ್ರಿ. ಥಂಡಿ ಗಾಳಿ ಬಡದ್ರ ತಡಕೊಳ್ಳೂದಿಲ್ರಿ ಅದು,” ಎಂದೆ. ಅವರು ಮತ್ತಷ್ಟು ಸರಿದರು. ಇನ್ನು ಸರಿದರೆ ಕಂಡಕ್ಟರನ ಮೇಲೆ ಬೀಳಬೇಕು.

ಹಿಂದಿನ ಸೀಟಿನಿಂದ ಕಾಕಾ ನನಗೆ ಸಹಾಯ ಮಾಡಲೆಂದು ತಲೆ ಹಾಕಿದರು.

“ಖರೇ ಹೇಳಾಕತ್ತಾಳ್ರಿ ಬಾಯಾರ. ಒಟ್ಟ ಹನ್ನೆರಡ ಅದಾವ. ಎಲ್ಲಾ ನಾನ ಮಾಡೀನಿ.”

ಹಳೆಯ ನೌಕರ

ಅದೇ ದಿನ ನಾವು ಹೋದದ್ದು ಖಾನಾಪುರದ ಒಂದು ಹಂಚಿನ ಕಾರ್ಖಾನೆಗೆ. ಹಂಚು ಸುಡುವ ಭಟ್ಟಿಗೆ ನಮ್ಮ ಮೀಟರು ಕೂಡಿಸಿ ನಾಲ್ಕು ವಾರವಾಗಿತ್ತು. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನವಾದರೆ ಹತ್ತು ಡಿಗ್ರಿ ಕಡಿಮೆ ತೋರಿಸುತ್ತದೆ ಎಂದು ದೂರು. ಭಟ್ಟಿಯ ಮೇಸ್ತ್ರಿ ಅಜ್ಜ ಬೆಂಕಿಯ ಬಣ್ಣ ನೋಡಿಯೇ ಉಷ್ಣತೆ ಹೇಳುವವರು. ಮೀಟರು ಸೋತದ್ದಕ್ಕೆ ಅವರ ಮೀಸೆ ಅರಳಿತ್ತು.

“ಊಟ ಆದ ಮ್ಯಾಲ ನಿಮ್ಮ ಮೀಟರ್ ಮಲಕೊಂತೈತ್ರಿ,” ಎಂದರು ಮೇಸ್ತ್ರಿ.

ತಂತಿ ಹಿಡಿದು ಹೋದೆವು. ಭಟ್ಟಿಯ ತಂತಿಗೆ ಮೀಟರಿನ ತಾಮ್ರದ ತಂತಿ ಬೆಸೆದಿದ್ದುದು ಗೋಡೆಯ ಗೂಡಿನಲ್ಲಿದ್ದ ಸಣ್ಣ ತಗಡಿನ ಡಬ್ಬಿಯೊಳಗೆ. ಆ ಬೆಸುಗೆ ಬೆಚ್ಚಗಾದಷ್ಟೂ ಮೀಟರು ಕಡಿಮೆ ತೋರಿಸುತ್ತದೆ. ಬಿಸಿಲು ಅಲ್ಲಿಗೆ ಬರುವುದಿಲ್ಲ, ಭಟ್ಟಿಯೂ ದೂರ. ಮತ್ತೆ ಬೆಚ್ಚಗಾಗುವುದು ಹೇಗೆ? ನಾವು ತಲೆ ಕೆರೆದುಕೊಳ್ಳುತ್ತಿರುವಾಗಲೇ ಒಂದು ದಪ್ಪ ಕಂದು ಬೆಕ್ಕು ಬಂದು, ನಮ್ಮನ್ನೊಮ್ಮೆ ತಾತ್ಸಾರದಿಂದ ನೋಡಿ, ಡಬ್ಬಿಯ ಮೇಲೆ ಹೊಟ್ಟೆಯಿಟ್ಟು ಮಲಗಿತು. ಅತ್ತ ಮೀಟರು ನಿಧಾನಕ್ಕೆ ಇಳಿಯಿತು. ಒಂದು ಡಿಗ್ರಿ, ಎರಡು, ಐದು.

“ಮೇಸ್ತ್ರಿ, ಈ ಬೆಕ್ಕ ಬ್ಯಾರೆ ಕಡೆ ಮಲಗಸ್ರಿ,” ಎಂದೆ.

ಮೇಸ್ತ್ರಿಗೆ ಸಿಟ್ಟು ಬಂತು. “ಯಾಕ್ರಿ? ಅದು ಇಲ್ಲಿ ಆರ ವರ್ಷದಿಂದ ಐತಿ. ನಿಮ್ಮ ಮೀಟರ್ ಬಂದು ಇನ್ನ ತಿಂಗಳ ಆಗಿಲ್ಲ. ಕಾಯಂ ಯಾರು, ಟೆಂಪರ್ವರಿ ಯಾರು? ನೀವ ಹೇಳ್ರಿ.”

ನ್ಯಾಯದ ಮಾತು. ನಾವು ಡಬ್ಬಿಯನ್ನೇ ಕಿತ್ತು ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದೆವು. ದೂರಿನ ವಹಿಯಲ್ಲಿ ದುರಸ್ತಿಯ ವಿವರ ಬರೆಯಬೇಕಿತ್ತು. ಕಾಕಾ ಹೇಳಿದಂತೆಯೇ ಬರೆದೆ: ‘ಬೆಕ್ಕು ಸರಿ ಇದೆ. ಮೀಟರನ್ನು ವರ್ಗಾಯಿಸಲಾಗಿದೆ.’

ಸೊನ್ನೆ

ಆ ಬೇಸಿಗೆಯ ಕೊನೆಗೆ ಪುಣೆಯ ಗಿರಾಕಿಯೊಬ್ಬರು ದೊಡ್ಡ ಆರ್ಡರು ಕೊಡಲು ಒಪ್ಪಿದರು. ಷರತ್ತು ಒಂದೇ. ಬೆಸುಗೆಯಿಂದ ಹುಟ್ಟುವ ವೋಲ್ಟೇಜು ಒಂದು ಡಿಗ್ರಿಗೆ ಅರ್ಧ ಮೈಕ್ರೋವೋಲ್ಟ್, ಅಂದರೆ ನಮ್ಮ ಅರ್ಧ ಚೂರು, ದಾಟಬಾರದು. ನಾವು ತವರ, ಸೀಸವನ್ನು ಯಾವ ಹದದಲ್ಲಿ ಬೆರೆಸಿದರೂ ಎರಡು, ಮೂರು ಬರುತ್ತಿತ್ತು. ಈ ಆರ್ಡರು ಕೈತಪ್ಪಿದರೆ ಮುಂದೆ ಮಿಕ್ಸರ್ ರಿಪೇರಿ ಮಾಡಿಕೊಂಡು ಕೂರಬೇಕು ಎಂದು ಮಾಲಕರ ಮುಖ ಸಣ್ಣದಾಗಿತ್ತು. ಕಾಕಾ ಕೊನೆಯ ಪ್ರಯತ್ನವೆಂದು ಸೀಸ ಬಿಟ್ಟು, ಕ್ಯಾಡ್ಮಿಯಂ ಜೊತೆ ತವರ ಸೇರಿಸಿ ಹೊಸ ಬೆಸುಗೆ ತಯಾರಿಸಿದರು.

ಅಳೆಯುವ ರೀತಿ ಹೀಗೆ. ಬಾಯಿ ಮುಚ್ಚಿದ ಗಾಜಿನ ನಳಿಗೆಗಳಲ್ಲಿ ಬೆಸುಗೆ. ಒಂದು ನಳಿಗೆ ನೀರು, ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ, ಇನ್ನೊಂದು ಮೇಜಿನ ಮೇಲಿನ ತಂಬಿಗೆಯ ನೀರಿನಲ್ಲಿ. ಒಂದು ತಂಪು, ಒಂದು ಬೆಚ್ಚಗೆ. ಎಲ್ಲ ಜೋಡಿಸಿ, ನೀರು ಹದಕ್ಕೆ ಬರಲೆಂದು ಬಿಟ್ಟು ನಾವು ಊಟಕ್ಕೆ ಹೋದೆವು. ಅವತ್ತೇ ಮಾಲಕರ ಅವ್ವ ಮೊದಲ ಸಲ ಕಾರ್ಖಾನೆ ನೋಡಲು ಬಂದಿದ್ದರು. ನಮ್ಮ ಅಳತೆಯ ಖೋಲಿಯಲ್ಲಿ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದ್ದೆವು.

ತಿರುಗಿ ಬಂದು ಮೀಟರು ನೋಡಿದೆ. ಸೊನ್ನೆ.

ಬ್ಯಾಟರಿ ನೋಡಿದೆ, ಸರಿ ಇತ್ತು. ತಂತಿ ಕಡಿದಿರಲಿಲ್ಲ. ಮೀಟರಿಗೆ ಎರಡು ಪೆಟ್ಟು ಕೊಟ್ಟೆ. ಸೊನ್ನೆ ಅಲುಗಲಿಲ್ಲ.

“ಕಾಕಾ, ಸೊನ್ನಿ ಬಂತ್ರಿ!” ನನ್ನ ಧ್ವನಿ ನನಗೇ ಕೀರಲಾಗಿ ಕೇಳಿತು. ಕಾಕಾ ತಾವು ಕರಗಿಸಿ ಉಳಿದಿದ್ದ ಬೆಸುಗೆಯ ತುಂಡನ್ನು ಕಣ್ಣಿಗೆ ಒತ್ತಿಕೊಂಡರು. ಮಾಲಕರು ಓಡಿ ಬಂದವರು ಕಾಕಾನನ್ನು ಎತ್ತಿಯೇ ಬಿಟ್ಟರು. ಜಗತ್ತಿನಲ್ಲಿ ಯಾರೂ ಮಾಡದ್ದನ್ನು ನಾವು ಬೆಳಗಾವಿಯಲ್ಲಿ ಮಾಡಿದ್ದೆವು! ಪುಣೆಗೆ ಫೋನ್ ಹೋಯಿತು. “ಅರ್ಧ ಅಲ್ರಿ, ಸೊನ್ನಿ! ಪೂರಾ ಸೊನ್ನಿ!” ಗಿರಾಕಿ ನಂಬಲಿಲ್ಲ. ನಾಳೆ ಬೆಳಿಗ್ಗೆ ಸ್ವತಃ ಬರುತ್ತೇನೆ ಎಂದರು. ಬಾಯಿ ಸಿಹಿಗೆ ಎರಡು ಕಿಲೋ ಕುಂದಾ ಬಂತು. ಎಲ್ಲರ ಕೈಗೂ ಬಂತು, ಅಜ್ಜಿಯ ಕೈಗೂ.

ಅಜ್ಜಿ ಕುಂದಾ ತಿಂದು ಬೆರಳು ನೆಕ್ಕಿದರು. “ಭಾಳ ಸವಿ ಐತಿ. ಆದ್ರ ನೀರಡಿಕಿ ಆತು ನೋಡು. ಆ ಬಾಟ್ಲ್ಯಾಗಿನ ಬರ್ಫದ ನೀರ ಇನ್ನೀಟ ಐತೇನಪಾ?”

ಖೋಲಿಯಲ್ಲಿ ಯಾರೂ ಅಗಿಯುವುದನ್ನು ಮುಂದುವರಿಸಲಿಲ್ಲ.

“ಯಾವ ಬಾಟ್ಲಿ ಅವ್ವಾ?” ಎಂದರು ಮಾಲಕರು, ಬಹಳ ಮೆಲ್ಲಗೆ.

“ಅದ, ಕಾಜಿನ ಕೊಳವಿ ಇಟ್ಟಿದ್ರಲ್ಲ. ಬಿಸಲಿಗೆ ಜೀವ ಹೋಗಾಕತ್ತಿತ್ತು. ಕೊಳವಿ ತಗದು, ಸೆರಗಿಲೆ ಒರಸಿ ಇಟ್ಟೆ. ನೀರ ಕುಡದೆ. ಬರ್ಫ ಕಟಕಟ ಕಡಕೊಂಡ ತಿಂದೆ. ಆಮ್ಯಾಲ ಬಕೀಟಿನ ನೀರ ತುಂಬಿ, ಕೊಳವಿ ಹೆಂಗಿತ್ತೋ ಹಂಗ ಇಟ್ಟೀನಿ. ಮಂದಿ ಸಾಮಾನ ನಾ ಕೆಡಸಾಕಿ ಅಲ್ಲ.”

ತಂಬಿಗೆಯ ನೀರೂ ಅದೇ ಬಕೀಟಿನದು. ಎರಡೂ ಕಡೆ ಒಂದೇ ಬಿಸಿ ಇದ್ದರೆ ಬೆಸುಗೆಯ ಜಾಗದಲ್ಲಿ ಬದನೆಕಾಯಿ ಇಟ್ಟರೂ ಸೊನ್ನೆಯೇ ಬರುತ್ತದೆ.

ಕಾಕಾ ಗೋಡೆಗೆ ಒರಗಿದರು. ಮಾಲಕರು ಕುಂದಾದ ಡಬ್ಬಿಯ ಮುಂದೆ ಹಣೆ ಹಿಡಿದು ಕೂತರು. ನಾನು ಥಂಡಾ ಪಾನೀಯದ ಅಂಗಡಿಗೆ ಓಡಿ ಬರ್ಫ ತಂದೆ. ತುಂಬಿದೆ, ನಳಿಗೆ ಇಳಿಬಿಟ್ಟೆ. ಅಂಕಿ ಏರಿತು. ಏರಿ, ಏರಿ, ನಿಂತಿತು. ಲೆಕ್ಕ ಹಾಕಿದರೆ ಡಿಗ್ರಿಗೆ ಸೊನ್ನೆ ಪಾಯಿಂಟ್ ಮೂರು! ಅರ್ಧಕ್ಕಿಂತ ಕಡಿಮೆ! ಮೂರು ಸಲ ಅಳೆದೆ, ಮೂರು ಸಲವೂ ಅದೇ. ಎರಡನೇ ಸುತ್ತಿನ ಕುಂದಾ ಶುರುವಾಯಿತು.

ಮರುದಿನ ಪುಣೆಯವರು ಬಂದರು. ತಮ್ಮ ಕೈಯಾರೆ ಅಳೆದು, ಸೊನ್ನೆ ಪಾಯಿಂಟ್ ಮೂರು ನೋಡಿ ಖುಷಿಯಾದರು. ಆರ್ಡರಿಗೆ ಸಹಿಯನ್ನೂ ಹಾಕಿದರು. ಹೊರಡುವಾಗ ಮಾತ್ರ ಸಂಶಯದಿಂದ ಮರಾಠಿಯಲ್ಲಿ ಕೇಳಿದರು. “ನಿನ್ನೆ ಫೋನಿನಲ್ಲಿ ಪೂರಾ ಸೊನ್ನೆ ಅಂದಿರಲ್ಲ?”

ಮಾಲಕರಿಗೆ ಸುಳ್ಳು ಹೇಳಿ ರೂಢಿಯಿಲ್ಲ. “ಹೌದ್ರಿ. ನಿನ್ನೆ ನಮ್ಮ ಅವ್ವ ಬಂದಿದ್ದರು,” ಎಂದರು.

ಪುಣೆಯವರು ಗೌರವದಿಂದ ತಲೆಯಾಡಿಸಿ, ಡೈರಿ ತೆಗೆದು, ಗಂಭೀರವಾಗಿ ಬರೆದುಕೊಂಡರು: ‘ಸೊನ್ನೆ. ಅಳತೆ ಮಾಡಿದವರು: ಮಾಲಕರ ತಾಯಿ.’