ಗಡಿ ಗ್ರಾಂಟಿನ ಮೋಟಾರ್ ಸೈಕಲ್

ದೂರದವರನ್ನು ಕಂಡು ನನಗೆ ಎಂದೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ವಾಡಿಯ ಕಾರ್ಖಾನೆಯ ದೊಡ್ಡ ಸಾಹೇಬರು ಕಾರಿನಲ್ಲಿ ಭರ್ರನೆ ಹೋದರೆ ಮುಖದ ಧೂಳು ಒರೆಸಿಕೊಂಡು ಸುಮ್ಮನಿರುತ್ತೇನೆ. ಆದರೆ ಪಕ್ಕದ ಕುರ್ಚಿಯವನಿಗೆ ಹೊಸ ಚಪ್ಪಲಿ ಬಂದರೂ ಸಾಕು, ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು. ಗೊತ್ತಿದ್ದರೂ ರೊಟ್ಟಿ ಇಳಿಯುವುದಿಲ್ಲ, ಏನು ಮಾಡಲಿ?

ಈ ರೋಗ ವಿಪರೀತಕ್ಕೆ ಹೋದದ್ದು ಕರ್ನಾಟಕಕ್ಕೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರಿದ್ದ ಕಾಲದಲ್ಲಿ, ಚಿಂಚೋಳಿ ಸೀಮೆಯ ಒಂದು ಗಡಿ ಠಾಣೆಯಲ್ಲಿ ನಾನು ರೈಟರ್ ಆಗಿದ್ದಾಗ. ರೈಟರ್ ಎಂದರೆ ಕಾದಂಬರಿ ಬರೆಯುವವನಲ್ಲ, ಜನರ ಫಿರ್ಯಾದಿ ಬರೆದುಕೊಳ್ಳುವ ಪೊಲೀಸಿನವನು. ನಮ್ಮ ದೊಡ್ಡ ತಲೆನೋವು ಎತ್ತಿನ ಕಳ್ಳರು. ಚಿಮ್ಮನಚೋಡದಲ್ಲಿ ಕಟ್ಟಿದ ಎತ್ತು ಬೆಳಗಾಗುವುದರೊಳಗೆ ಆಂಧ್ರದಲ್ಲಿ ಮೇಯುತ್ತಿತ್ತು. ನಮ್ಮವರು ಹೆಜ್ಜೆಗುರುತು ಹಿಡಿದು ಗಡಿಕಲ್ಲಿನ ತನಕ ಓಡಿ, ಅಲ್ಲೇ ನಿಂತು ಬೆವರು ಒರೆಸಿಕೊಂಡು ವಾಪಸಾಗುತ್ತಿದ್ದರು. ಆಚೆಯ ಪೊಲೀಸರೂ ತಮ್ಮ ಕಳ್ಳರನ್ನು ಅದೇ ಕಲ್ಲಿನ ತನಕ ಅಟ್ಟಿ ಬಿಡುತ್ತಿದ್ದರು. ಎರಡೂ ರಾಜ್ಯಗಳನ್ನು ಒಂದೇ ಎಂದು ನಂಬಿದ್ದವರು ಕಳ್ಳರು ಮಾತ್ರ.

ಕೊನೆಗೆ ಸರ್ಕಾರ ಕಣ್ಣು ಬಿಟ್ಟಿತು. ಎರಡೂ ಕಡೆಯ ಪೊಲೀಸರು ಕೂಡಿ ಕೆಲಸ ಮಾಡಬೇಕು, ಅದಕ್ಕೆ ಗ್ರಾಂಟು ಕೊಡುತ್ತೇವೆ, ಏನು ಬೇಕೋ ಬರೆಯಿರಿ ಎಂದಿತು. ನಮ್ಮ ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ನನ್ನನ್ನು ಕರೆದು, "ರೈಟರ್, ನೀವು ಹೆಂಗ ಬರೀಬೇಕಂದ್ರ, ಓದಿದವ್ರು ಇಲ್ಲ ಅನಬಾರ್ದು ನೋಡ್ರಿ" ಎಂದರು. ನಾನು ಮೂರು ಹಾಳೆ ತುಂಬ ಬರೆದು ಒಂದು ಮೋಟಾರ್ ಸೈಕಲ್ ಕೇಳಿದೆ. ಬರೆಯುತ್ತ ಬರೆಯುತ್ತ ಅದರ ಮೇಲೆ ನಾನೇ ಕುಳಿತಿದ್ದೆ. ಆ ಹುರುಪಿನಲ್ಲಿ, ಅರ್ಜಿಗೆ ತೂಕ ಬರಲೆಂದು, "ಸದರಿ ವಾಹನವನ್ನು ತೆಲುಗು ಬಲ್ಲವರಿಗೇ ವಹಿಸತಕ್ಕದ್ದು" ಎಂದೂ ಸೇರಿಸಿಬಿಟ್ಟೆ. ನನಗೆ ಬರುತ್ತಿದ್ದ ತೆಲುಗು "ಏಮಂಡಿ" ಒಂದೇ.

ಮಂಜೂರಾತಿ ಬಂತು. ನನ್ನ ಆ ಸಾಲನ್ನು ಅಕ್ಷರ ಬಿಡದೆ ಅದರಲ್ಲಿ ಇಳಿಸಿದ್ದರು. ತೆಲುಗು ಬಲ್ಲವನು ಠಾಣೆಯಲ್ಲಿ ಒಬ್ಬನೇ, ಜಮಾದಾರ ಶರಣಪ್ಪ. ಅವನ ಹೆಂಡತಿಯ ತವರು ತಾಂಡೂರಿನ ಕಡೆ. ಅವಳೊಡನೆ ಜಗಳಾಡಿ ಜಗಳಾಡಿಯೇ ಭಾಷೆ ಕಲಿತಿದ್ದ. ಗಾಡಿ ಅವನಿಗೆ ಹೋಯಿತು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತ, "ಏನ್ರಿ, ಶರಣಪ್ಪನೋರ ಹೆಂಡ್ತಿ ಫಟ್‌ಫಟಿ ಮ್ಯಾಲ ಕುಂತು ಸೇಡಮಕ್ಕ ಹೋಗಿ ಬಂದ್ಳಂತ. ನೀವು ಮೂರು ಹಾಳಿ ಬರದು ಏನ್ ತಂದ್ರಿ?" ಎಂದಳು. ಸರ್ಕಾರಿ ಗಾಡಿಯ ದುರುಪಯೋಗದ ಬಗ್ಗೆ ನಾನು ಎರಡು ಸಲ ಮೂಗರ್ಜಿ ಬರೆದೆ. ಎರಡು ಸಲವೂ ಹರಿದುಹಾಕಿದೆ. ನನ್ನ ದುಂಡನೆಯ ಅಕ್ಷರ ಇಡೀ ಜಿಲ್ಲೆಗೆ ಪರಿಚಿತ.

ಹೀಗಿರುವಾಗ ರೈತ ಮಹಬೂಬ್ ಸಾಬನ ಎತ್ತಿನ ಜೋಡಿ ಕಳುವಾಯಿತು. ಆತ ನನ್ನೆದುರು ಒಂದು ತಾಸು ಕುಳಿತು ಗುರುತು ಹೇಳಿದ. "ಎಡಗಡಿದ್ರ ಕಿವಿ ತುದಿ ಸೀಳೇದರಿ. ಬಲಗಡಿದು ನಿಂತಲ್ಲೇ ನಾಲಿಗಿ ಹೊರಗ ಹಾಕ್ತದರಿ. ಬಿತ್ತೋ ದಿನ ಬಂದಾವ್ರಿ ಸಾಹೇಬ್ರ, ಅವು ಸಿಗಲಿಲ್ಲಂದ್ರ ಈ ವರ್ಷ ಹೊಲ ಬೀಳು ಬೀಳ್ತದ." ನಾನು ಒಂದೂ ಬಿಡದೆ ಠಾಣೆಯ ಪುಸ್ತಕದಲ್ಲಿ ಬರೆದುಕೊಂಡೆ.

ಗಡಿಕಲ್ಲಿನ ಪಕ್ಕದ ಹುಣಸೆಮರದ ಕೆಳಗೆ ತಿಂಗಳಿಗೊಮ್ಮೆ ಎರಡೂ ಕಡೆಯವರು ಕುಳಿತು, ಕಳುವಾದ ದನಗಳ ಯಾದಿ ಬದಲಾಯಿಸಿಕೊಳ್ಳುವುದು ಹೊಸ ಪದ್ಧತಿ. ಪುಸ್ತಕ ನೋಡಿ ಯಾದಿ ಬರೆದುಕೊಡುವವನು ನಾನು. ಅಂದು ಶರಣಪ್ಪ ಕರಿ ಕನ್ನಡಕ ಹಾಕಿಕೊಂಡು, ಗಾಡಿಯಿಂದ ಇಳಿಯದೆಯೇ, "ಲಗೂನ ಯಾದಿ ಕೊಡ್ರಿ ರೈಟರ್ ಸಾಹೇಬ್ರ, ಹೊತ್ತಾಗ್ಲಿಕತ್ತದ" ಎಂದ. ಆ ಕನ್ನಡಕ ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಒಂದು ಚೀಟಿಯ ಮೇಲೆ "ಬಿಳಿ ಎತ್ತು, ಎರಡು" ಎಂದಷ್ಟೇ ಬರೆದು ಮಡಚಿ ಕೊಟ್ಟೆ. ಹುಡುಕಲಿ ಮಗ, ಎಂದುಕೊಂಡೆ.

ನಾಲ್ಕನೆಯ ದಿನ ಶರಣಪ್ಪ ಗಡಿಯಾಚೆಯಿಂದ ಎರಡು ಬಿಳಿ ಎತ್ತು ಹಿಡಿಸಿಕೊಂಡು ಬಂದ. ಓಡಿಬಂದ ಮಹಬೂಬ್ ಸಾಬ ಒಂದರ ಕಿವಿ ಹಿಡಿದು ನೋಡಿದ, ಇನ್ನೊಂದರ ಬಾಯಿ ನೋಡಿದ, ಆಮೇಲೆ ನೆಲದ ಮೇಲೆ ಕುಳಿತ. "ಇವು ನನ್ನವಲ್ರಿ" ಎಂದ. ಅಷ್ಟರಲ್ಲಿ ಎತ್ತುಗಳ ನಿಜವಾದ ಮಾಲೀಕ ತೆಲುಗಿನಲ್ಲಿ ಬೈಯುತ್ತ ಗಡಿಯಿಂದ ನಡೆದು ಬಂದ. ಗ್ರಾಂಟಿನ ಖರ್ಚಿನಲ್ಲಿ ಗಡಿ ದಾಟಿದ ಮೊದಲ ಎತ್ತುಗಳ ಕಳ್ಳರು ನಾವೇ ಆಗಿದ್ದೆವು.

ನಾನು ನಗಬೇಕಾಗಿತ್ತು. ಆದರೆ ಮಹಬೂಬ್ ಸಾಬ ಇನ್ನೂ ನೆಲದ ಮೇಲೇ ಕುಳಿತಿದ್ದ. ಅಮೀನ ಸಾಹೇಬರು ಕೆಂಪಗಾಗಿ, "ಜಮಾದಾರ, ಯಾದ್ಯಾಗ ಗುರುತು ಇದ್ದಿಲ್ಲೇನು?" ಎಂದರು. ನನ್ನ ಚೀಟಿ ಶರಣಪ್ಪನ ಜೇಬಿನಲ್ಲಿತ್ತು. ಅವನು ಒಮ್ಮೆ ನನ್ನ ಕಡೆ ನೋಡಿ, "ನಾನೇ ಪೂರಾ ಓದಲಿಲ್ರಿ ಸಾಹೇಬ್ರ. ತಪ್ಪು ನಂದೇ" ಎಂದ. ಎಲ್ಲರ ಮುಂದೆ ಬೈಸಿಕೊಂಡ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, "ನೀವು ಗುರುತು ಭಾಳ ಛಂದ ಬರೀತೀರಿ, ರೈಟರ್ ಸಾಹೇಬ್ರ. ಈ ಸಲ ಪೂರಾ ಬರದು ಕೊಡ್ರಿ" ಎಂದ, ಅಷ್ಟೇ.

ಹಾಳೆಯ ಎರಡೂ ಮಗ್ಗುಲು ತುಂಬ ಬರೆದುಕೊಟ್ಟೆ. ಅವನು ಆಚೆಯ ದನದ ಸಂತೆಗಳಲ್ಲಿ ಅದನ್ನು ತೆಲುಗಿನಲ್ಲಿ ಓದಿ ಹೇಳುತ್ತ ತಿರುಗಿದ. ವಾರದೊಳಗೆ ನಾಲಿಗೆ ಹೊರಗೆ ಹಾಕಿಕೊಂಡ ಎತ್ತು, ಸೀಳು ಕಿವಿಯ ಜೊತೆಗಾರನೊಡನೆ ಊರಿಗೆ ಬಂತು. ಬಿತ್ತನೆ ತಪ್ಪಲಿಲ್ಲ.

ಮಹಬೂಬ್ ಸಾಬ ಠಾಣೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಶರಣಪ್ಪನೋರು ಹೇಳ್ಯಾರ್ರಿ. ನಿಮ್ಮ ಬರವಣಿಗಿಂದನೇ ಸಿಕ್ಕಾವಂತ."

ಆ ದಿನವೂ ರೊಟ್ಟಿ ಇಳಿಯಲಿಲ್ಲ. ಮೋಟಾರ್ ಸೈಕಲ್ಲಿನ ಹೊಟ್ಟೆಕಿಚ್ಚಾಗಿದ್ದರೆ ಇನ್ನೊಂದು ಗ್ರಾಂಟಿಗೆ ಅರ್ಜಿ ಬರೆದು ಆರಿಸಿಕೊಳ್ಳುತ್ತಿದ್ದೆ. ಶರಣಪ್ಪನ ಹತ್ತಿರ ಇನ್ನೊಂದಿತ್ತಲ್ಲ, ನನ್ನ ತಪ್ಪನ್ನು ತನ್ನದೆಂದ ಮನಸ್ಸು, ಅದನ್ನು ಯಾವ ಸರ್ಕಾರಕ್ಕೆ ಬರೆದು ಕೇಳಲಿ? ಬರೆದರೂ ನನ್ನ ಕೈ ಸುಮ್ಮನಿರುವುದಿಲ್ಲ. ಕೊನೆಯಲ್ಲಿ "ಯೋಗ್ಯರಿಗೇ ವಹಿಸತಕ್ಕದ್ದು" ಎಂದು ಸೇರಿಸಿಬಿಡುತ್ತದೆ.