ಹನ್ನೆರಡು ಕೈ ಅರ

ಓದಿದವರ ಮೇಲೆ ನನಗೆ ಗೌರವವಿಲ್ಲವೆಂದು ಮನೆಯವರು ದೂರುತ್ತಾರೆ. ಸುಳ್ಳು. ಅವರು ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ಗೌರವ ಇದ್ದೇ ಇರುತ್ತದೆ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಬಾಚಿ ಹಿಡಿದ ಬಡಿಗ. ವಿಜಾಪುರದ ಸುತ್ತ ನನ್ನ ಚಕ್ಕಡಿ ಗಾಲಿಯ ಗುರುತು ಹಿಡಿಯದ ರೈತನಿಲ್ಲ. ಸಂಕ್ರಾಂತಿಯ ಮುಂದೆ ಬಾಚಿ ಜಾರಿ ಎಡಗೈ ಕಿರುಬೆರಳಿನ ತುದಿ ಹಾರಿಹೋಯಿತು. ಅರಿಸಿನ ಮೆತ್ತಿ ಮರುದಿನವೇ ಕೆಲಸಕ್ಕೆ ಕುಳಿತೆ. ಮಾಸ್ತರರಿಗಾದರೆ ನೆಗಡಿಗೂ ರಜೆ.

ಮಾಸ್ತರ ಎಂದರೆ ನನ್ನ ಹೆಂಡತಿಯ ತಮ್ಮ ಶಂಕ್ರಪ್ಪ. ತಿಕೋಟಾದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾನೆ. ನಾನು ಎಣಿಸುವುದನ್ನು ಕಂಡರೆ ಅವನಿಗೆ ನಗು. ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಎಡಗೈಯ ಹೆಬ್ಬೆರಳು ಒಂದೊಂದೇ ಗೆಣ್ಣು ದಾಟಿ ಕಿರುಬೆರಳಿನ ತುದಿ ಮುಟ್ಟಿತೆಂದರೆ ಒಂದು ಕೈ ತುಂಬಿತು. ಬಲಗೈಯಲ್ಲಿ ಒಂದು ಗೆಣ್ಣು ಹಿಡಿದು ಎಡಗೈ ಮತ್ತೆ ಮೊದಲಿನಿಂದ. ಹನ್ನೆರಡು ಕೈ ಆದರೆ ನಮಗೆ ಅದೇ ನೂರು. ಶಂಕ್ರಪ್ಪ ಅದನ್ನು ನೂರಾ ನಲವತ್ತನಾಲ್ಕು ಎಂದು ಬಾಯಿ ನೋಯಿಸಿಕೊಳ್ಳಬೇಕು. ಅವನ ಹತ್ತನ್ನು ಮೂವರಿಗೆ ಹಂಚಿ ನೋಡಿ, ಒಂದು ಉಳಿದು ಮುಖ ನೋಡುತ್ತದೆ. ನನ್ನ ಕೈಯನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನಕ್ಕೆ ಹಂಚಿ, ಚೂರೂ ಉಳಿಯದು. ಗಾಲಿಯ ನಡುವಿನಿಂದ ಸುತ್ತಿನ ಬಳೆಗೆ ಆತು ನಿಲ್ಲುವ ಅರಗಳೂ ಹನ್ನೆರಡೇ: ಬಳೆಯ ತುಂಡು ಆರು, ತುಂಡಿಗೆ ಎರಡು. ಹತ್ತರ ಶಾಸ್ತ್ರ ಓದಿ ಗಾಲಿ ಮಾಡಿದವನನ್ನು ನಾನು ಕಂಡಿಲ್ಲ.

ಯುದ್ಧದಿಂದ ಪೆಟ್ರೋಲು ಸಿಗದೆ ಮೋಟಾರುಗಳು ನಿಂತು ಚಕ್ಕಡಿಗೆ ಮರ್ಯಾದೆ ಬಂದಿತ್ತು. ಬಬಲೇಶ್ವರದ ಗೌಡರು ಆರು ಚಕ್ಕಡಿ ಹೇಳಿದರು. ಹತ್ತಿ ಹೇರಲು ಸೋಮವಾರಕ್ಕೆ ಬೇಕೇಬೇಕು. ಹನ್ನೆರಡು ಗಾಲಿಯ ಅರಗಳನ್ನು ಮನೆಯಲ್ಲೇ ಕೆತ್ತಿ, ಅಲ್ಲಿಗೊಯ್ದು ಕೂಡಿಸುವುದು. ಹೊರಡುವ ಮುಂಚೆ ಎಣಿಸಿದೆ: ಸರಿಯಾಗಿ ಹನ್ನೆರಡು ಕೈ. ಬಂದು ಕುಳಿತಿದ್ದ ಶಂಕ್ರಪ್ಪ, ಯಾರೂ ಕೇಳದಿದ್ದರೂ, ಹತ್ತತ್ತರ ಗುಂಪು ಮಾಡಿ ತಾನೂ ಎಣಿಸಿದ.

“ಮಾಮಾ, ಹನ್ನೆರಡ ಕಡಿಮಿ ಅದಾವ್ರಿ. ನೂರಾ ಮೂವತ್ತೆರಡ ಆಗ್ತಾವ.”

“ಕಡಿಮಿ ಇರೂದು ನಿನ್ನ ತಲ್ಯಾಗ. ಒಂದ ಅರಾ ಕಡಿಮಿ ಬಿದ್ರ, ನಿನ್ನ ಸಾಲ್ಯಾಗ ಒಂದನೇ ಇಯತ್ತೆ ಹುಡುಗೂರ ಸಂಗಾಟ ಪಾಟಿ ಹಿಡಕೊಂಡ ಕುಂದರ್ತೀನಿ.”

“ಪಾಟಿ ನಾನ ಕೊಡ್ತೀನಿ ಬಿಡ್ರಿ.”

ಶನಿವಾರ ಗೌಡರ ಅಂಗಳದಲ್ಲಿ ಹನ್ನೊಂದು ಗಾಲಿ ಎದ್ದು ನಿಂತವು. ಹನ್ನೆರಡನೆಯದಕ್ಕೆ ಒಂದು ಅರವೂ ಇಲ್ಲ. ಗೌಡರು ಮೀಸೆ ತಿರುವುತ್ತ, “ಏನ ಬಡಿಗೇರ, ಆರನೇ ಚಕ್ಕಡಿ ಕುಂಟಕೋಂತ ಹೊಕ್ಕೈತೇನು?” ಎಂದರು. ದಾರಿಯಲ್ಲಿ ಉದುರಿರಬೇಕೆಂದು ಸಾಧಿಸಿ, ವಿಜಾಪುರದವರೆಗೂ ಜಾಲಿ ಕಂಟಿ ಕೆದಕುತ್ತ ಬಂದೆ. ಮುಳ್ಳು ಮಾತ್ರ ಸಿಕ್ಕಿದವು.

ಹೆಂಡತಿ ಮುಳ್ಳು ತೆಗೆಯುತ್ತ, “ಎಲ್ಲೆ, ನನ್ನ ಮುಂದ ಒಂದ ಕೈ ಎಣಸ್ರಿ,” ಎಂದಳು. ಎಣಿಸಿದೆ. ಹೆಬ್ಬೆರಳು ತುದಿ ಮುಟ್ಟಿತು.

“ಹನ್ನೊಂದ,” ಎಂದಳು. “ಬಾಚಿ ತಿಂದ ಗೆಣ್ಣ ಯಾರ ಎಣಸಬೇಕ್ರಿ?”

ಕೈಗೊಂದರಂತೆ ಹನ್ನೆರಡು ಕೈಗೆ ಹನ್ನೆರಡು. ಪೂರ್ತಿ ಒಂದು ಗಾಲಿ.

ಭಾನುವಾರವೆಲ್ಲ ಅರ ಕೆತ್ತಿ, ಸೋಮವಾರ ಚಕ್ಕಡಿಗಳನ್ನು ಹೊರಡಿಸಿದೆ. ಮಂಗಳವಾರ ತಿಕೋಟಾಕ್ಕೆ ಹೋಗಿ ಪಾಟಿ ಹಿಡಿದು ಕುಳಿತೆ, ಮಾತು ಮಾತೇ. ಇಲ್ಲದ್ದಕ್ಕೆ ಸೊನ್ನೆ ಬರೆಯಬೇಕೆಂದು ಶಂಕ್ರಪ್ಪ ಕಲಿಸಿದ. ನಾನು ಈಗಲೂ ಕೈಯಲ್ಲೇ ಎಣಿಸುತ್ತೇನೆ. ಹನ್ನೊಂದಾದ ಮೇಲೆ ಕಿರುಬೆರಳಿನಾಚೆ ಗಾಳಿಯಲ್ಲಿ ಒಮ್ಮೆ ಹೆಬ್ಬೆರಳು ಒತ್ತಿ ಹನ್ನೆರಡು ಎನ್ನುತ್ತೇನೆ. ಇಲ್ಲದ್ದನ್ನು ಸೊನ್ನೆ ಎಂದು ಒಮ್ಮೆ ಎಣಿಸಿ ನೋಡಿದ್ದೇನೆ. ಗಾಲಿ ಆಗುವುದಿಲ್ಲ.